ಸ್ವಾತಿ ತೊಳೆಸಿದ ತಟ್ಟೆ

ತಾಂಡೂರು. ವಿಶ್ವಾವಸು ಸಂವತ್ಸರ, ಮಾರ್ಗಶಿರ ಶುದ್ಧ ಷಷ್ಠಿ, ಬುಧವಾರ, ರಾತ್ರಿ.

ಮನಸ್ಸು ಇನ್ನೂ ಆ ಶಾಲೆಯ ನಲ್ಲಿಯ ಬಳಿಯೇ ನಿಂತಿದೆ. ಸಂವಿಧಾನ ದಿನದ ನಿಮಿತ್ತ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸತ್ಪ್ರಜೆಯ ಧರ್ಮವನ್ನು ಕುರಿತು ಮುಕ್ಕಾಲು ಗಂಟೆ ಉಪದೇಶಿಸಿದೆ. ಬಳಿಕ ಅವರೊಡನೆ ಪಂಕ್ತಿಯಲ್ಲಿ ಕುಳಿತು ಅವಲಕ್ಕಿ ತಿಂದು, ಮನೆಯ ರೂಢಿಯಂತೆ ತಟ್ಟೆಯನ್ನು ಅಲ್ಲಿಯೇ ಬಿಟ್ಟು ಎದ್ದೆ.

“ಮುತ್ಯಾ, ತಾಟು ಬಿಟ್ಟು ಹೊಂಟೀರಲ್ರಿ!”

ಕುರಿ ಸಾಕುವ ಬೀರಣ್ಣನ ಮಗಳು, ನಾಲ್ಕನೆಯ ತರಗತಿಯ ಸ್ವಾತಿ. ಈ ವಾರ ಪಂಕ್ತಿಯ ಮೇಲ್ವಿಚಾರಣೆ ಅವಳದಂತೆ. “ನಮ್ಮ ಸಾಲ್ಯಾಗ ಯಾರ ತಾಟು ಅವರೇ ತೊಳೀಬೇಕ್ರಿ.”

ಉಪಾಧ್ಯಾಯಿನಿ ಗೌತಮಿ ಸಂಕೋಚದಿಂದ ಗದರಿದರು: “ಸುಮ್ಕಿರು! ದೊಡ್ಡೋರಿಗಿ ಹಿಂಗಂತಾರೇನು? ನಾಳಿಂದ ನಿನಗ ಈ ಕೆಲಸ ಬ್ಯಾಡ.”

ಹುಡುಗಿಯ ಕಣ್ಣು ತುಂಬಿದವು. “ಎಲ್ಲಾರಿಗೂ ಒಂದೇ ಅಂತ ನೀವೇ ಹೇಳೀರಲ್ರಿ, ಟೀಚರ್.”

ನಾನು ಮೌನವಾಗಿದ್ದಿದ್ದರೆ ನನ್ನ ಉಪದೇಶವೆಲ್ಲ ಆ ಕ್ಷಣವೇ ಸುಳ್ಳಾಗುತ್ತಿತ್ತು. “ತಪ್ಪು ನಂದು. ಅಕಿ ಕೆಲಸ ಅಕಿಗೇ ಇರಲಿ, ಟೀಚರ್,” ಎಂದು ತಟ್ಟೆಯೆತ್ತಿಕೊಂಡು ನಲ್ಲಿಗೆ ನಡೆದೆ.

“ಹಿಂದಿನ ಕಡೀಗೂ ತಿಕ್ರಿ, ಮುತ್ಯಾ,” ಎಂದಳು ಮೂಗೊರೆಸಿಕೊಳ್ಳುತ್ತ. ತಿಕ್ಕಿದೆ.

ಎಪ್ಪತ್ತನಾಲ್ಕು ವರ್ಷ ನನ್ನ ಎಂಜಲನ್ನು ತಾಯಿ ಎತ್ತಿದಳು, ಅಕ್ಕ ಎತ್ತಿದಳು, ಮದುವೆಯಾದಂದಿನಿಂದ ವತ್ಸಲೆ ಎತ್ತುತ್ತಿದ್ದಾಳೆ. ಯಾರೂ ಒಂದು ಮಾತು ಆಡಲಿಲ್ಲ, ನನಗೂ ತೋಚಲಿಲ್ಲ. ಒಂಬತ್ತು ವರ್ಷದ ಕೂಸಿನ ಬಾಯಿಂದ ಶ್ರೀಹರಿಯೇ ನುಡಿಸಿದನೆಂದು ಕೈಮುಗಿಯುತ್ತೇನೆ. ಇಂಥ ಮಾತನ್ನು ಆಡಲು ಕಲಿಸಿದ ಆ ಶಾಲೆಗೂ ನನ್ನ ನಮಸ್ಕಾರ.

ನಾಳೆ ಊಟವಾದ ಮೇಲೆ ನಾನೇ ತಟ್ಟೆ ಹಿಡಿದು ಎದ್ದರೆ, “ಏನಾತ್ರೀ ನಿಮಗ?” ಎಂದು ವತ್ಸಲೆ ಗಾಬರಿಯಾದಾಳು. ಆಗಲಿ. ಇಷ್ಟು ವರ್ಷಗಳ ನಂತರ ಅವಳಿಗೆ ಮೊದಲು ಏನೆಂದು ಹೇಳಲಿ? ಸ್ವಾತಿಯ ಮುಂದೆ ಆಡಿದ “ತಪ್ಪು ನಂದು” ಎಂಬ ಮಾತನ್ನೇ ಹೇಳುತ್ತೇನೆ.