ಗೂಡಿನಲ್ಲಿ ಉಳಿದ ಮುಂಗುಟುಕು

ಮೂರನೆಯ ವೈಶಾಖ, 2231
ಶಹಾಬಾದಿನ ನೆಲಮನೆಗಳು

ಇಲಿಯ ಮೂತ್ರಪಿಂಡದ ಮುಂದೆ ಕುಳಿತಿರುವ ತಂಗಿಗೆ,

ತಾರೀಖು ನೋಡಿ ನಗಬೇಡಿ. ಬೇಸಿಗೆ ಮುಗಿಯದ ಕಾರಣ ನಾವು ವೈಶಾಖವನ್ನೇ ಮೂರು ಸಲ ಎಣಿಸುತ್ತೇವೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಇನ್ನೂರು ವರ್ಷಗಳಲ್ಲಿ ಮಾತೂ ಸವೆಯುತ್ತದೆ. ಲೆಕ್ಕಕ್ಕೆ ನೀವು ನನ್ನ ಮುತ್ತಜ್ಜಿಗೂ ಮುತ್ತಜ್ಜಿ. ಆದರೂ ವಯಸ್ಸಿನಲ್ಲಿ ನಾನೇ ದೊಡ್ಡವಳಿರಬೇಕೆಂದು ತಂಗಿ ಎಂದೆ. ನನ್ನ ಹೆಸರು ಗುರುಬಾಯಿ.

ನಾವಿರುವುದು ಹಳೆಯ ಕಲ್ಲುಗಣಿಯೊಳಗೆ ಕೊರೆದ ಮನೆಗಳಲ್ಲಿ. ಮೇಲೆ ಓಡಾಡಲಾಗದ ತಿಂಗಳುಗಳಿಗೆ ಬಿಸಿಲುಬಂದಿ ಎನ್ನುತ್ತೇವೆ. ಆಗ ಊರಿಂದೂರಿಗೆ ದಾರಿ ತೆರೆಯುವುದಿಲ್ಲ. ಜೋಳದ ರೊಟ್ಟಿ ಇನ್ನೂ ತಟ್ಟುತ್ತೇವೆ, ಹಿಟ್ಟು ಮಾತ್ರ ಅಳೆದು ಕೊಡುತ್ತಾರೆ. ಶೇಂಗಾ ಚಟ್ನಿ ಹಬ್ಬಕ್ಕಷ್ಟೇ. ಮಕ್ಕಳು ಆಕಾಶ ನೋಡಲು ಸರದಿ ನಿಲ್ಲುತ್ತಾರೆ, ನೋಡಿ ಬಂದು ಒಂದಕ್ಕೆರಡು ಹೇಳುತ್ತಾರೆ.

ಪ್ರಯೋಗಶಾಲೆಯಲ್ಲಿ ನೀವು ಮಾಡಿದ ಕೆಲಸದ ಫಲ ನಮ್ಮ ಮನೆಮನೆಯಲ್ಲಿದೆ. ನರಗಳೇ ಹುಟ್ಟಿಸುವ ಪುಟ್ಟ ಪದಾರ್ಥವೊಂದು, ನಿಮ್ಮವರು ನ್ಯೂರೋಪೆಪ್ಟೈಡ್ ಎನ್ನುತ್ತಿದ್ದದ್ದು, ಮೂತ್ರಪಿಂಡವನ್ನು ಕಾಯುತ್ತದೆ ಎಂದು ನೀವು ಇಲಿಗಳಲ್ಲಿ ಕಂಡಿರಿ. ನಾವು ಅದನ್ನು ಮುಂಗುಟುಕು ಎನ್ನುತ್ತೇವೆ, ಅಪಾಯಕ್ಕೆ ಮುಂಚೆ ಕುಡಿಯುವ ಗುಟುಕು. ರಕ್ತ ಹರಿದು ಬರುವುದು ನಿಂತಾಗ ಮೂತ್ರಪಿಂಡ ನರಳುತ್ತದೆ. ರಕ್ತ ಮರಳಿ ನುಗ್ಗಿದಾಗ ಇನ್ನಷ್ಟು ಕೆಡುತ್ತದೆ, ಬಹಳ ದಿನ ಉಪವಾಸ ಬಿದ್ದವನಿಗೆ ಒಮ್ಮೆಲೇ ಹೊಟ್ಟೆ ತುಂಬ ಬಡಿಸಿದ ಹಾಗೆ. ಅದಕ್ಕೇ ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ, ಹೆರಿಗೆಯ ಹೆಣ್ಣುಮಕ್ಕಳಿಗೆ, ಕಲ್ಲು ಕೊರೆಯಲು ಇಳಿಯುವವರಿಗೆ ಮನೆಯ ಹಿರಿಯಳು ಕಂಚಿನ ಬಟ್ಟಲಲ್ಲಿ ಮುಂಗುಟುಕು ಕುಡಿಸಿ, ನೆತ್ತಿ ಮುಟ್ಟಿ ಕಳಿಸುತ್ತಾಳೆ. ನನ್ನ ಮಗಳು ಮಾಣಿಕಾ ಕೊರೆಯುವವಳು. ಅವಳಿಗೆ ನಮ್ಮತ್ತೆ ದಿನವೂ ಕುಡಿಸುತ್ತಿದ್ದರು.

ರಜೆಯ ದಿನ ಯಾರೂ ಕುಡಿಯುವುದಿಲ್ಲ. ಅಂಥ ದಿನ ತಲೆ ಬಾಚಿಕೊಳ್ಳುತ್ತ ಕುಳಿತಿದ್ದ ಮಾಣಿಕಾಳ ತೊಡೆಯ ಮೇಲೆ ಚಾವಣಿಯ ಚಪ್ಪಡಿ ಬಿತ್ತು. ಬಹಳ ರಕ್ತ ಹೋಯಿತು. ಔಷಧಮನೆಯ ವೀರಯ್ಯ ರಕ್ತ ಏರಿಸಲು ಅಣಿಮಾಡುತ್ತಿದ್ದಾಗ ಅತ್ತೆ ಬಟ್ಟಲು ಹಿಡಿದು ಓಡಿಬಂದರು. "ಕುಡಿಸಿ ನೋಡೋ ಯಪ್ಪಾ, ಕುಡಿಸಿದ್ರ ಏನ್ ಹೋಗ್ತದ?" ಎಂದು ಅಂಗಲಾಚಿದರು. ಪೆಟ್ಟಾದ ಮೇಲೆ ಕುಡಿಸಬಾರದು ಎಂಬ ನಿಯಮ ನಮ್ಮಲ್ಲಿ ಕೂಸಿಗೂ ಗೊತ್ತು. ವೀರಯ್ಯ ಅಳುತ್ತಲೇ ಅವರ ಕೈ ತಡೆದ. ರಕ್ತ ಏರಿತು, ಮಗಳ ತುಟಿ ಕೆಂಪಾಯಿತು, ಓಣಿಯವರೆಲ್ಲ ಬೆಲ್ಲ ಹಂಚಿದರು. ಆಮೇಲೆ ಅವಳಿಗೆ ಮೂತ್ರವೇ ಬರಲಿಲ್ಲ. ಮೈ ಬಾತಿತು. ರಕ್ತ ಸೋಸುವ ಯಂತ್ರ ಇರುವುದು ರಾಯಚೂರಿನಲ್ಲಿ, ದಾರಿಗೆ ಬಿಸಿಲುಬಂದಿ. ಅವಳು ಹೋದಳು, ತಂಗಿ. ಹಂಚಿ ಉಳಿದ ಬೆಲ್ಲ ಇನ್ನೂ ಡಬ್ಬಿಯಲ್ಲಿತ್ತು.

ವೀರಯ್ಯನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ನಿಯಮ ಎಲ್ಲಿಂದ ಬಂತೆಂದು ತಿಳಿಯಲು ನಿಮ್ಮ ಕಾಲದ ಬರಹಗಳಲ್ಲಿ ಕೈಗೆ ಸಿಕ್ಕಷ್ಟನ್ನು ಓದಿದೆ. ಇಲಿಯ ರಕ್ತನಾಳಕ್ಕೆ ಕ್ಲಿಪ್ಪು ಹಾಕಿ ರಕ್ತ ನಿಲ್ಲಿಸುವ ಮೊದಲೇ ನೀವು ಮದ್ದು ಕೊಟ್ಟಿದ್ದೀರಿ. ಆಮೇಲೆ ಕೊಟ್ಟು ನೋಡಿದ್ದು ನನಗೆ ಎಲ್ಲೂ ಸಿಗಲಿಲ್ಲ. ಕೊಟ್ಟು ಫಲ ಕಾಣದೆ ಸುಮ್ಮನಾದಿರೋ, ಕೊಡಲೇ ಇಲ್ಲವೋ? ನೀವು ನೋಡದೆ ಬಿಟ್ಟದ್ದು ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಮಾಡಬಾರದ್ದಾಯಿತೋ ಏನೋ. ನಮ್ಮಲ್ಲಿ ಪ್ರಯೋಗಶಾಲೆಯಿಲ್ಲ; ನಮ್ಮದು ಇದ್ದುದನ್ನು ಉಳಿಸಿಕೊಳ್ಳುವ ಕಾಲ. ಕೆಡುಕಾದೀತೆಂಬ ಭಯದಲ್ಲಿ ಇನ್ನೊಬ್ಬರ ಮಗುವಿಗೆ ಕೊಟ್ಟು ನೋಡಲು ಯಾರಿಗೂ ಧೈರ್ಯವಿಲ್ಲ. ನನಗೂ ಇಲ್ಲ.

ಒಂದು ಇಲಿಗಾದರೂ ತಡವಾಗಿ ಕೊಟ್ಟು ನೋಡಿ. ಮನುಷ್ಯರ ಮೇಲೆ ಕಲ್ಲು ಮುಂಚೆ ತಿಳಿಸಿ ಬೀಳುವುದಿಲ್ಲ. ಫಲ ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆದಿಡಿ. ಅದೂ ನಮಗೆ ಬೇಕು. ಅಂದು ಅತ್ತೆ ತಂದ ಮುಂಗುಟುಕು ಬಟ್ಟಲ ಸಮೇತ ಗೋಡೆಯ ಗೂಡಿನಲ್ಲಿದೆ. ಚೆಲ್ಲಲು ಹೋದರೆ ಅತ್ತೆ ನನ್ನ ಕೈ ಹಿಡಿದು ತಡೆಯುತ್ತಾರೆ. ಇದು ಮೊಮ್ಮಗಳನ್ನು ಉಳಿಸುತ್ತಿತ್ತೇ ಎಂದು ದಿನಾ ಕೇಳುತ್ತಾರೆ. ಅವರಿಗೆ ವಯಸ್ಸಾಯಿತು, ತಂಗಿ. ಏನು ಹೇಳಲಿ, ನೀವೇ ತಿಳಿಸಿ.

ಮಾಣಿಕಾಳ ತಾಯಿ,
ಗುರುಬಾಯಿ