ಕೆಂಪು ಬಲಕ್ಕೆ, ಹಸಿರು ಎಡಕ್ಕೆ

ಅಕ್ಟೋಬರ್ 19, ನಾರ್ಫೋಕ್

ಮತ್ತೆ ಕಾದಿದ್ದೇ ಆಯಿತು. ಏಳಕ್ಕೆ ಹೊರಡೋಣ ಎಂದು ನಿನ್ನೆ ಎರಡೂ ದೋಣಿಯ ನಾಲ್ವರೂ ಒಪ್ಪಿದ್ದೆವು. ಏಳಕ್ಕೆ ನಮ್ಮ ಲಂಗರು ಮೇಲಿತ್ತು. ರಾಸ್ಕೋ ಮಹಾಶಯ ಮಾತ್ರ ತನ್ನ ದೋಣಿಯ ಹಿಂಬದಿಗೆ ಕಿತ್ತಳೆ ಬಣ್ಣದ ರಬ್ಬರ್ ಚೆಂಡೊಂದನ್ನು ಕಟ್ಟುತ್ತಾ ನಿಂತಿದ್ದ. ಎರಡು ಕುಂಬಳಕಾಯಿ ಗಾತ್ರದ್ದು. ನೋಡಿದರೆ ಕಣ್ಣು ಕುಕ್ಕುತ್ತದೆ.

"ಅದ್ಯಾಕೋ?" ಎಂದು ಕೂಗಿದೆ.

"ಚಂದ ಕಾಣತ್ತಲ್ಲ ಅಡ್ಮಿರಲ್ ಮೇಡಂ!"

ದೋಣಿಯಲ್ಲಿ ಸಂಸಾರ ಮಾಡುವ ಹೆಂಗಸರನ್ನೆಲ್ಲ ಅಡ್ಮಿರಲ್ ಎನ್ನುವ ಈ ಹಾಸ್ಯ ಹಳಸಿ ನಾರುತ್ತಿದೆ.

ಇದು ಮೂರನೇ ಚಳಿಗಾಲ. ಮೇಯ್ನ್‌ನ ಮನೆ ಮಾರಿ ಈ 'ಪಫಿನ್' ದೋಣಿ ಹತ್ತಿದ್ದೇ ಬಹಾಮಾಸ್‌ಗೆ ಹೋಗಲು. ಮೊದಲ ವರ್ಷ ಎಂಜಿನ್ ಕೈಕೊಟ್ಟಿತು. ಎರಡನೇ ವರ್ಷ ನನ್ನ ಗಂಡ ಆಲ್ಡನ್‌ನ ಅಮ್ಮ ತೀರಿಕೊಂಡರು, ಅರ್ಧ ದಾರಿಯಿಂದ ವಾಪಸ್. ಈ ಕ್ರಿಸ್ಮಸ್‌ಗೆ ನಾನು ಆ ನೀರಿನ ಮೇಲಿರಬೇಕು. ಇಲ್ಲದಿದ್ದರೆ ದೋಣಿ ಮಾರಿ ನೆಲಕ್ಕೆ ವಾಪಸ್. ಗಂಡನಿಗೂ ಹೇಳಿಯಾಗಿದೆ, ರಾಸ್ಕೋ ಮತ್ತು ಅವನ ಹೆಂಡತಿ ವಿನಿ ಎದುರಿಗೇ. 

ಅಕ್ಟೋಬರ್ 23

ಈ ರೇಡಿಯೋ ಒಂದು ದಿನ ನೀರಿಗೆಸೆಯುತ್ತೇನೆ.

ಕಾಲುವೆಯ ಉದ್ದಕ್ಕೂ ಕಂಬಗಳು. ದಕ್ಷಿಣಕ್ಕೆ ಹೋಗುವವರಿಗೆ ಕೆಂಪು ತ್ರಿಕೋನ ಬಲಕ್ಕಿರಬೇಕು, ಹಸಿರು ಚೌಕ ಎಡಕ್ಕೆ. ತಪ್ಪಿದರೆ ಕೆಸರು. ಅಷ್ಟೇ ವಿದ್ಯೆ. ಅದನ್ನು ರಾಸ್ಕೋ ಬೆಳಗಿನಿಂದ ಓದಿ ಹೇಳುತ್ತಾನೆ.

"ಪಫಿನ್, ಪಫಿನ್, ಬಲಕ್ಕೆ ಕೆಂಪು ಬರ್ತಾ ಇದೆ. ಈಗ ನನ್ನ ಪಕ್ಕಕ್ಕೇ ಇದೆ. ಮುಂದಿಂದು ಹಸಿರು, ಎಡಕ್ಕೆ, ಇನ್ನೂ ಸ್ವಲ್ಪ ದೂರ..."

ಹತ್ತು ಮೈಲಿಯೊಳಗಿನ ದೋಣಿಗಳಿಗೆಲ್ಲ ಕೇಳುತ್ತದೆ. ಇವತ್ತು ಯಾರೋ ಪುಣ್ಯಾತ್ಮ ನಡುವೆ ಬಾಯಿ ಹಾಕಿ, "ಸ್ಕೋರ್ ಎಷ್ಟಾಯ್ತು ಸ್ವಾಮಿ?" ಎಂದು ಕೇಳಿದ. ನಾಚಿಕೆಯಿಂದ ಸತ್ತೆ.

"ನಾವೇನು ಕುರುಡರಾ?" ಎಂದೆ ಆಲ್ಡನ್‌ಗೆ.

"ಬಿಡೇ ಲೊರೇನ್. ಮಾತಾಡೋ ಚಟ ಅವನಿಗೆ."

ಚುಕ್ಕಾಣಿ ಹಿಡಿದಾಗ ಇವನು ಮೈಕಿನ ಗುಂಡಿ ಎರಡು ಸಲ ಒತ್ತುತ್ತಾನೆ. ಟಿಕ್, ಟಿಕ್. ಅಷ್ಟಕ್ಕೇ ರಾಸ್ಕೋನ ವಾಚನ ಶುರು. ಚುಕ್ಕಾಣಿ ನನ್ನ ಕೈಗೆ ಬಂದಾಗ ರಾಸ್ಕೋ ಉಸಿರೆತ್ತುವುದಿಲ್ಲ. ನನ್ನ ಮೇಲೆ ನಂಬಿಕೆ ಎಂದುಕೊಳ್ಳಲೇ, ನನ್ನ ಜೊತೆ ಮಾತೇ ಬೇಡವಾಗಿದೆ ಎಂದುಕೊಳ್ಳಲೇ?

ಅಕ್ಟೋಬರ್ 30, ಬೆಲ್‌ಹೇವನ್

ಮಧ್ಯಾಹ್ನ ಎರಡಕ್ಕೇ ನಿಂತೆವು. ರಾಸ್ಕೋ ದೋಣಿಯ ನೀರಿನ ಪಂಪು ಕೆಟ್ಟಿತಂತೆ. ಮೊನ್ನೆಯೂ ಪಂಪು. ಅದಕ್ಕೆ ಮೊದಲು ಬೆಲ್ಟು. ಇಷ್ಟು ಕೆಡುವ ದೋಣಿಗೆ 'ಸೆಕೆಂಡ್ ಹೆಲ್ಪಿಂಗ್' ಎಂದು ಹೆಸರು, ಎರಡನೇ ಸಲ ಬಡಿಸಿಕೊಂಡ ಊಟವಂತೆ. ಊಟಕ್ಕೇನೂ ಕಡಿಮೆಯಿಲ್ಲ, ನಿಜ.

ಆಲ್ಡನ್ ಕಾಫಿ ಚೆಲ್ಲಿದ. ಲೋಟದ ಪಕ್ಕಕ್ಕೆ ಸುರಿದ ಅನ್ನಬೇಕು. ಒರೆಸಿದ್ದು ನಾನು.

ಸಂಜೆ ಹೊಸ ರಗಳೆ. ಒಳಗಿನ ಬೀರು ಬಾಗಿಲಿಗೆ ಬಣ್ಣ ಬಳಿಯುತ್ತಾನಂತೆ. ಊರಿಂದ ತಂದ ಹಳೇ ಡಬ್ಬಿ ಹೊರಗೆ ತೆಗೆದ. ಅದೇ ಬಣ್ಣ! ಅಡುಗೆಮನೆ ಗೋಡೆಗೆ ನನ್ನನ್ನು ಕೇಳದೆ ಬಳಿದಿದ್ದ ಆ ತೆಳು ಹಸಿರು-ನೀಲಿ. ಆಸ್ಪತ್ರೆ ಗೋಡೆ. ಮನೆ ಮಾರುವಾಗ ಎಲ್ಲದಕ್ಕೂ ಅತ್ತೆ, ಆ ಗೋಡೆಗೆ ಮಾತ್ರ ಅಳಲಿಲ್ಲ.

"ಇದನ್ನ ಯಾಕೋ ಹೊತ್ತು ತಂದೆ?"

"ನಂಗಿಷ್ಟ."

"ನಂಗೆ ವಾಕರಿಕೆ."

ಡಬ್ಬಿ ವಾಪಸ್ ಒಳಗೆ ಹೋಯಿತು. ಇವನ ಮುಖ ಊದಿತು.

ನವೆಂಬರ್ 7

ಹವಾಮಾನ ನಾನೇ ಓದಬೇಕು. ನಕ್ಷೆ ನಾನೇ ಓದಬೇಕು. ಇವತ್ತು ಸೂಪಿನ ಪೊಟ್ಟಣದ ಮೇಲಿದ್ದುದನ್ನೂ ಓದಿಸಿದ. ಕೇಳಿದರೆ ಕನ್ನಡಕ ಎಲ್ಲಿಟ್ಟನೋ ಗೊತ್ತಿಲ್ಲವಂತೆ. ಮೂವತ್ತೈದು ಅಡಿ ದೋಣಿಯಲ್ಲಿ ಕಳೆದುಹೋಗಲು ಜಾಗವಾದರೂ ಎಲ್ಲಿದೆ!

ಕಟ್ಟೆಗೆ ದೋಣಿ ತಂದು ಕಟ್ಟುವುದೂ ನಾನೇ. "ನಿನ್ನ ಕೈ ನನಗಿಂತ ಚೆನ್ನಾಗಿದೆ" ಎನ್ನುತ್ತಾನೆ. ಮೊದಮೊದಲು ಉಬ್ಬಿದ್ದೆ. ಈಗ ಅನಿಸುತ್ತದೆ, ಇವನಿಗೆ ಸೋಮಾರಿತನ. ಹರೆಯದಲ್ಲಿ ಬೇರೆಯವರ ದೋಣಿಗಳನ್ನು ಬಹಾಮಾಸ್‌ಗೆ ಸಾಗಿಸುತ್ತಿದ್ದ ಮನುಷ್ಯ. ಅವನಿಗೆ ಆ ನೀರು ನೋಡಿ ಸಾಕಾಗಿದೆ. ನೋಡದವಳು ನಾನು.

ನವೆಂಬರ್ 18, ಥಂಡರ್‌ಬೋಲ್ಟ್, ಜಾರ್ಜಿಯಾ

ಕೊನೆಗೂ ಬಾಯಿಬಿಟ್ಟೆ.

ಸೂರ್ಯ ಮುಳುಗುವ ಹೊತ್ತಿಗೆ ಎಂದಿನಂತೆ ಅವರ ದೋಣಿಯಲ್ಲಿ ರಮ್ಮು, ಕಡಲೆಕಾಯಿ. ನಮ್ಮ ಹಿಂದೆ ಹೊರಟ ಟೊರಾಂಟೊ ಜೋಡಿ ಆಗಲೇ ಫ್ಲಾರಿಡಾ ಮುಟ್ಟಿ ಫೋಟೋ ಕಳಿಸಿದ್ದರು. ಬರಿಗಾಲು, ಬಿಸಿಲು. ನಾನು ಎರಡು ಸ್ವೆಟರ್ ಹಾಕಿಕೊಂಡು ಕೂತಿದ್ದೆ.

ರಾಸ್ಕೋ ಗಂಟಲು ಸರಿಮಾಡಿಕೊಂಡ. "ನಾಳೆ ಒಂದಿನ ನಿಲ್ಲೋಣ್ವಾ? ಪಂಪು ಮತ್ತೆ..."

"ನೀವು ನಿಲ್ಲಿ," ಎಂದೆ. "ನಾವು ಹೊರಡ್ತೀವಿ. ಬಹಾಮಾಸ್‌ನಲ್ಲಿ ಸಿಗೋಣ. ನಿಮ್ಮ ಪಂಪು ಅಲ್ಲಿವರೆಗೆ ಬದುಕಿದ್ರೆ."

ಯಾರೂ ನಗಲಿಲ್ಲ. ವಿನಿ ನನ್ನನ್ನು ನೋಡದೆ ಆಲ್ಡನ್ ಕಡೆ ನೋಡಿದಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಮುಖವೆಲ್ಲ ಕೆಂಪಾಗುತ್ತದೆ. ಕೆಂಪಾಗಿತ್ತು.

"ಲೊರೇನ್, ಸ್ವಲ್ಪ ತಡಿಯಮ್ಮ. ಜಾರ್ಜಿಯಾ ನೀರು ಕೆಟ್ಟದ್ದು. ಉಬ್ಬರ-ಇಳಿತ ಎಂಟಡಿ," ಎಂದಳು.

"ಓದಿದ್ದೀನಿ ವಿನಿ. ನಮ್ಮ ದೋಣೀಲಿ ಓದೋಳು ನಾನೊಬ್ಳೇ ತಾನೆ?"

ರಾಸ್ಕೋ ಎದ್ದು ನಿಂತ. "ಆಲ್ಡನ್, ನೀನು ಹೇಳೋ. ಹೇಳ್ತೀಯೋ ಇಲ್ವೋ?"

ಆಲ್ಡನ್ ಲೋಟ ತಿರುಗಿಸುತ್ತಾ ಕೂತಿದ್ದ. "ಅವಳು ಹೊರಡೋಣ ಅಂದ್ರೆ ಹೊರಡೋಣ," ಎಂದ.

ಗೆದ್ದೆ. ಆದರೂ ನಿದ್ದೆ ಹತ್ತುವ ಲಕ್ಷಣವಿಲ್ಲ. ಗೆದ್ದವರಿಗೆ ಇಷ್ಟು ಸಿಟ್ಟು ಯಾಕೆ ಇರುತ್ತದೋ.

ನವೆಂಬರ್ 19, ಮಧ್ಯಾಹ್ನ 3

ಓರೆಯಾಗಿ ಕೂತು ಬರೆಯುತ್ತಿದ್ದೇನೆ. ಓರೆಯಾಗಿರುವುದು ದೋಣಿ. ಕೆಸರಿನಲ್ಲಿ ಮಗ್ಗುಲಾಗಿ ಮಲಗಿದೆ. ನೀರು ಇಳಿಯುತ್ತಿದೆ. ಸಂಜೆ ಉಬ್ಬರ ಬರುವವರೆಗೆ ಅಲುಗುವಂತಿಲ್ಲ. ತಟ್ಟೆಗಳೆಲ್ಲ ಒಂದೇ ಕಡೆ ರಾಶಿ ಬಿದ್ದಿವೆ.

ಬೆಳಗಿನಿಂದ ನಾನೇ ನಡೆಸಿದ್ದೆ. ಮಧ್ಯಾಹ್ನ ಹೊಟ್ಟೆ ಚುರುಗುಟ್ಟಿತು. "ಹೋಗು, ಬೀನ್ಸ್ ಬಿಸಿ ಮಾಡು. ಅರ್ಧ ಗಂಟೆ ನಾನು ಹಿಡೀತೀನಿ" ಎಂದ ಆಲ್ಡನ್. ಕೆಳಗಿಳಿದೆ. ಪಾತ್ರೆ ಒಲೆಯ ಮೇಲಿಟ್ಟೆ ಅಷ್ಟೇ, ಧಡ್ ಎಂದು ನಿಂತಿತು. ಬೀನ್ಸ್ ಗೋಡೆಗೆ.

ಮೇಲೆ ಬಂದು ನೋಡುತ್ತೇನೆ. ಹಸಿರು ಕಂಬ ನಮ್ಮ ಬಲಕ್ಕಿದೆ! ಬಲಕ್ಕೆ! ಮನೆಯ ಬಾಗಿಲಿನಷ್ಟು ದೊಡ್ಡ ಹಸಿರು ಚೌಕ, ಅದರ ಮೇಲೊಂದು ನೀರುಕಾಗೆ ರೆಕ್ಕೆ ಒಣಗಿಸಿಕೊಳ್ಳುತ್ತಿತ್ತು.

"ಕಣ್ಣು ಕಾಣಲ್ವೇನೋ ನಿಂಗೆ?" ಎಂದು ಕಿರುಚಿದೆ.

ಅವನು ಚುಕ್ಕಾಣಿ ಬಿಡಲಿಲ್ಲ. ನಿಂತ ದೋಣಿಯ ಚುಕ್ಕಾಣಿ.

"ಇಲ್ಲ ಕಣೇ," ಎಂದ. "ಕಾಣಲ್ಲ."

ಸೆಪ್ಟೆಂಬರ್‌ನಲ್ಲೇ ಗೊತ್ತಾಗಿತ್ತಂತೆ. ರಾಸ್ಕೋ ಜೊತೆ ಎಂಜಿನ್ ಫಿಲ್ಟರ್ ತರಲು ಅನಾಪೊಲಿಸ್‌ಗೆ ಹೋದ ದಿನ. ಹೋಗಿದ್ದು ಕಣ್ಣಿನ ಡಾಕ್ಟರ ಬಳಿಗೆ. ಎರಡೂ ಕಣ್ಣಿನ ನಟ್ಟನಡುವೆ ಮಸಿ ಬಳಿದ ಹಾಗಂತೆ. ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತದೆ. ದೊಡ್ಡದು, ಕಿತ್ತಳೆ ಬಣ್ಣದ್ದು ಕಾಣುತ್ತದೆ. ಕಂಬ ಕಾಣುವುದಿಲ್ಲ. ಅಕ್ಷರ ಇಲ್ಲ. ಸರಿಹೋಗುವುದಲ್ಲವಂತೆ.

"ನನ್ನ ಮುಖ?" ಎಂದು ಕೇಳಿದೆ.

"ಪಕ್ಕಕ್ಕೆ ನೋಡಿದ್ರೆ ಸ್ವಲ್ಪ ಕಾಣತ್ತೆ. ಕಿವಿ, ಕೂದಲು."

ಎಷ್ಟು ವಾರದಿಂದ ನನ್ನ ಕಿವಿ ನೋಡಿ ಮಾತಾಡುತ್ತಿದ್ದಾನೆ ಇವನು! ನಾನು ಅದನ್ನು ಉದಾಸೀನ ಎಂದುಕೊಂಡಿದ್ದೆ.

ಅಳು ಬರಬೇಕಿತ್ತು. ಬಂದಿದ್ದು ಸಿಟ್ಟು. ರಾಸ್ಕೋಗೆ ಗೊತ್ತು, ವಿನಿಗೆ ಗೊತ್ತು, ಆ ದರಿದ್ರ ಚೆಂಡಿಗೂ ಗೊತ್ತು. ನನಗೊಬ್ಬಳಿಗೆ ಗೊತ್ತಿಲ್ಲ.

"ಯಾಕೋ ಹೇಳಲಿಲ್ಲ?"

"ಹೇಳಿದ್ರೆ ನೀನು ಬಹಾಮಾಸ್ ಬೇಡ ಅಂತಿದ್ದೆ. ಮೂರು ವರ್ಷದಿಂದ ಕಾಯ್ತಾ ಇದೀಯ. ಹೇಗೋ ಒಂದು ಸಲ ದಾಟಿಸಿಬಿಡೋಣ, ಆಮೇಲೆ ಹೇಳೋಣ ಅಂತ..."

"ದಾಟಿಸಿದೆಯಲ್ಲ ಚೆನ್ನಾಗಿ! ನೋಡು, ಎಲ್ಲಿ ತಂದಿಟ್ಟಿದೀಯ!"

ರೇಡಿಯೋ ಕರಕರ ಎಂದಿತು. "ಪಫಿನ್, ಪಫಿನ್, ಸೆಕೆಂಡ್ ಹೆಲ್ಪಿಂಗ್. ತಿರುವಿನ ಹಿಂದೆ ಇದೀವಿ. ನಿಮ್ಮ ಹಾಯಿಕಂಬ ಓರೆ ಕಾಣ್ತಿದೆ. ಎಲ್ಲಾ ಕ್ಷೇಮಾನಾ?"

ಪಂಪು ಸರಿಹೋಯಿತೆಂದು ಕಾಣುತ್ತದೆ. ಬೆಳಗಿನಿಂದ ನಮ್ಮ ಬೆನ್ನಿಗೇ ಇದ್ದರು.  ಮೈಕಿನ ಗುಂಡಿ ಎರಡು ಸಲ ಒತ್ತಿದೆ.

ಡಿಸೆಂಬರ್ 3, ಸೇಂಟ್ ಆಗಸ್ಟೀನ್

ಇಷ್ಟು ದಿನ ಬರೆಯಲಿಲ್ಲ. ಯಾರ ಜೊತೆಗೂ ಸರಿಯಾಗಿ ಮಾತಾಡಲೂ ಇಲ್ಲ. ಆ ಸಂಜೆಯ ಉಬ್ಬರಕ್ಕೆ ದೋಣಿ ಎದ್ದಾಗ ಮೂತಿ ದಕ್ಷಿಣಕ್ಕೇ ತಿರುಗಿಸಿದೆ.

ಮೊದಲ ಎರಡು ದಿನ ರಾಸ್ಕೋಗೆ ಮುಖ ಕೊಡಲಿಲ್ಲ. ಮೂರನೇ ದಿನ ವಿನಿ ಏಡಿ ಸಾರು ಹಿಡಿದು ರಬ್ಬರ್ ದೋಣಿಯಲ್ಲಿ ಬಂದಳು. "ಬೈಯೋದಿದ್ರೆ ಬೈದುಬಿಡಮ್ಮ, ಸಾರು ಆರತ್ತೆ" ಎಂದಳು. ಬೈದೆ. ಅವಳು ಅತ್ತಳು. ಸಾರು ಆರಿತು.

ಈಗ ಚುಕ್ಕಾಣಿ ಪೂರ್ತಿ ನನ್ನದು. ಭುಜ ಸೆಟೆದುಕೊಂಡಿದೆ. ಆಲ್ಡನ್ ಪಕ್ಕದಲ್ಲಿ ಕೂತು ಸಲಹೆ ಕೊಡುತ್ತಾನೆ. ಕೈಯಲ್ಲಿ ಕೆಲಸವಿಲ್ಲದ ಕ್ಯಾಪ್ಟನ್‌ನಷ್ಟು ಪೀಡೆ ಇನ್ನೊಂದಿಲ್ಲ. "ಎಂಜಿನ್ ಸದ್ದು ಬೇರೆ ಆಯ್ತು." "ಗಾಳಿ ತಿರುಗ್ತು." ಸರಿಯಾಗಿಯೇ ಹೇಳುತ್ತಾನೆ, ಅದೇ ಇನ್ನೂ ಕಿರಿಕಿರಿ.

ಡಿಸೆಂಬರ್ 11, ಲೇಕ್ ವರ್ತ್

ಉತ್ತರದ ಗಾಳಿ. ಉತ್ತರದ ಗಾಳಿಯಿದ್ದರೆ ನಮಗೂ ಬಹಾಮಾಸ್‌ಗೂ ನಡುವೆ ಹರಿಯುವ ಗಲ್ಫ್ ಪ್ರವಾಹ ದಾಟುವಂತಿಲ್ಲ, ಅಲೆ ಗೋಡೆಯಂತೆ ಏಳುತ್ತದೆ. ಲಂಗರು ಹಾಕಿದ ದೋಣಿಗಳಲ್ಲೆಲ್ಲ ಒಂದೇ ಮಾತು, ದಾಟಲು ಹವಾಮಾನದ ಕಿಂಡಿ ತೆರೆಯಿತಾ, ಕಿಂಡಿ ತೆರೆಯಿತಾ.

ನನಗೆ ಧೈರ್ಯ ಸಾಲುತ್ತಿಲ್ಲ. ಇಲ್ಲೇ ಬರೆದಿಡುತ್ತೇನೆ, ಬೇರೆ ಯಾರಿಗೂ ಹೇಳುವುದಿಲ್ಲ. ಮೂರು ವರ್ಷ ಬೇಕು ಬೇಕು ಎಂದವಳು ಈಗ ಬೇಡ ಎನ್ನುವ ನೆಪ ಹುಡುಕುತ್ತಿದ್ದೇನೆ. ಆಚೆ ದಡದಲ್ಲಿ ಕಂಬಗಳೇ ಇಲ್ಲ. ಕೆಂಪೂ ಇಲ್ಲ, ಹಸಿರೂ ಇಲ್ಲ. ನೀರಿನ ಬಣ್ಣ ನೋಡಿ ಆಳ ಹೇಳಬೇಕು. ಆ ವಿದ್ಯೆ ಗೊತ್ತಿರುವುದು ಆಲ್ಡನ್‌ಗೆ. ನೋಡುವ ಕಣ್ಣಿರುವುದು ನನಗೆ.

"ಕಡುನೀಲಿ ಅಂದ್ರೆ ಆಳ. ಬಿಳಿ ಅಂದ್ರೆ ಮರಳು, ಹತ್ರ ಹೋಗ್ಬೇಡ. ಕಂದು ಕಂಡ್ರೆ ಬಂಡೆ, ದೂರ ಓಡು," ಎಂದು ಪಾಠ ಹೇಳುತ್ತಾನೆ.

"ಮಧ್ಯದ್ದು? ನಾವು ಹೋಗ್ಬೇಕಾದ ಬಣ್ಣ?"

"ನೋಡಿದ ತಕ್ಷಣ ಗೊತ್ತಾಗತ್ತೆ ನಿಂಗೆ."

"ಅದೆಂಥ ಪಾಠನೋ! ಸರಿಯಾಗಿ ಹೇಳು."

ಹೇಳಲಿಲ್ಲ. ನಕ್ಕ. ತಲೆ ಮೊಟಕಬೇಕು ಅನಿಸಿತು.

ಡಿಸೆಂಬರ್ 16

ಗಾಳಿ ದಕ್ಷಿಣಕ್ಕೆ ತಿರುಗಿತು. ನಾಳೆ ನಸುಕಿಗೆ ಹೊರಡುವುದಂತೆ. ರಾಸ್ಕೋ ಕೇಳಿದ, "ನಾನು ಮುಂದೆ ಹೋಗ್ಲಾ ಅಡ್ಮಿರಲ್ ಮೇಡಂ, ಹಿಂದೆ ಬರ್ಲಾ?"

"ಹಿಂದೆ," ಎಂದೆ. ಬಾಯಿಂದ ಹೊರಬಿದ್ದುಬಿಟ್ಟಿತು. "ಆ ಚೆಂಡು ಬಿಚ್ಚಿಡು. ಕಣ್ಣು ಕುಕ್ಕತ್ತೆ."

ಡಿಸೆಂಬರ್ 17, ಬೆಳಿಗ್ಗೆ 9

ಎರಡು ಸಲ ವಾಂತಿ. ಕಡುನೀಲಿ, ಶಾಯಿಯಂಥ ನೀರು. ಆಲ್ಡನ್ ಚುಕ್ಕಾಣಿ ಹಿಡಿದಿದ್ದಾನೆ. ಇಲ್ಲಿ ಡಿಕ್ಕಿ ಹೊಡೆಯಲು ಏನೂ ಇಲ್ಲ. ನಾನು ದಿಕ್ಸೂಚಿ ಓದಿ ಹೇಳುತ್ತೇನೆ, ಅವನು ಕೆನ್ನೆಗೆ ತಾಗುವ ಗಾಳಿಯಲ್ಲೇ ನಡೆಸುತ್ತಾನೆ. ನನಗಿಂತ ನೇರವಾಗಿ ಹೋಗುತ್ತಿದ್ದಾನೆ. ಹೊಟ್ಟೆ ಉರಿಯುತ್ತದೆ. ಇಷ್ಟು ಖುಷಿಯಾಗಿ ಅವನನ್ನು ಈ ವರ್ಷ ನೋಡೇ ಇರಲಿಲ್ಲ.

ಡಿಸೆಂಬರ್ 17, ಮಧ್ಯಾಹ್ನ

ಚುಕ್ಕಾಣಿ ಒಂದು ನಿಮಿಷ ಅವನ ಕೈಗೆ ಕೊಟ್ಟು ಬರೆಯುತ್ತಿದ್ದೇನೆ. ಈಗಲೇ ಬರೆಯಬೇಕು.

ನೀಲಿ ಒಮ್ಮೆಲೇ ಮುಗಿಯಿತು. ಗೆರೆ ಎಳೆದ ಹಾಗೆ. ಆಚೆ ಇನ್ನೊಂದು ಬಣ್ಣ, ಕಣ್ಣು ಹಾಯುವವರೆಗೂ. ತಳದ ಮರಳಿನ ಮೇಲೆ ನಮ್ಮದೇ ನೆರಳು ಓಡುತ್ತಿದೆ.

"ಬಂತಾ?" ಎಂದು ಕೇಳಿದ. 

"ಬಂತು."

"ಯಾವ ಬಣ್ಣ? ಸರಿಯಾಗಿ ಹೇಳು, ಆಳ ಗೊತ್ತಾಗ್ಬೇಕು."

ನೋಡಿದೆ. ಮತ್ತೊಮ್ಮೆ ನೋಡಿದೆ. ಅಯ್ಯೋ ದೇವರೇ.

"ಆಸ್ಪತ್ರೆ ಗೋಡೆ," ಎಂದೆ.

 "ಹಾಗಾದ್ರೆ ಹನ್ನೆರಡು ಅಡಿ ಇದೆ, ಧೈರ್ಯವಾಗಿ ಹೋಗು," ಎಂದ. ನನ್ನ ಕಿವಿಯ ಕಡೆ ತಿರುಗಿ, "ಮೇಯ್ನ್ ಚಳೀಲಿ ಈ ನೀರು ನಿಂಗೆ ತೋರ್ಸೋಣ ಅಂತ ಬಳಿದಿದ್ದೆ ಕಣೇ. ನೀನು ಬೈದೆಯಲ್ಲ, ಆಮೇಲೆ ಹೇಳೋಕೆ ನಾಚಿಕೆ ಆಯ್ತು."

ಅಷ್ಟು ವರ್ಷ ಆ ಗೋಡೆಗೆ ಬೆನ್ನು ಹಾಕಿ ಅಡುಗೆ ಮಾಡಿದೆ ನಾನು. ಈಗ ಕಣ್ತುಂಬ ನೋಡುತ್ತಿದ್ದೇನೆ, ಇವನಿಗೆ ಕಾಣದು. ಕೋಪ ಬರುತ್ತಿದೆ. ಯಾರ ಮೇಲೆ ಎಂದು ಗೊತ್ತಾಗುತ್ತಿಲ್ಲ. ಬಣ್ಣದ ಡಬ್ಬಿ ಎಲ್ಲಿಟ್ಟಿದ್ದಾನೋ ಕೇಳಬೇಕು, ಬೀರು ಬಾಗಿಲಿಗೆ ನಾಳೆಯೇ...

ಕರೆಯುತ್ತಿದ್ದಾನೆ. "ಲೊರೇನ್, ಮುಂದೆ ಏನಿದೆ ನೋಡೇ!" ಬಲಕ್ಕೆ ಏನೋ ಕಂದು ಬಣ್ಣ, ಹುಲ್ಲೋ ಬಂಡೆಯೋ, ನಾನು ಹೋಗಿ—