ಮುಚ್ಚಳದ ಒಳಗಿನ ಬರಹ

ಉದ್ಯೋಗ ಮತ್ತು ತರಬೇತಿ ಕೇಂದ್ರದ ವ್ಯವಸ್ಥಾಪಕರಿಗೆ, ನಿಮ್ಮ ಹೊಸ ಕಟ್ಟಡಕ್ಕೆ ವೈರಿಂಗ್ ಮಾಡಿದವಳ ನಮಸ್ಕಾರ.

ಕೆಲಸ ಹುಡುಕುವವರಿಗೆ ಎಲ್ಲವೂ ಒಂದೇ ಸೂರಿನಡಿ ಎಂದು ಬಾಗಿಲ ಮೇಲೆ ಬರೆಸಿದ್ದೀರಿ. ಆ ಸೂರಿನಡಿಯೇ ನಿನ್ನೆ ನನ್ನನ್ನು ನಾಲ್ಕು ಕೌಂಟರ್ ಸುತ್ತಿಸಿದರು. ಕೊನೆಯ ಗುಮಾಸ್ತರು, "ಅನುಭವದ ಪತ್ರ ಇಲ್ವಲ್ಲಮ್ಮ, ಆರು ತಿಂಗಳು ವೈರಿಂಗ್ ತರಬೇತಿಗೆ ಸೇರ್ಕೊಳ್ಳಿ. ಸ್ವಿಚ್ ಅಂದ್ರೇನು ಅನ್ನೋದ್ರಿಂದ ಹೇಳ್ಕೊಡ್ತಾರೆ" ಎಂದರು. ಅವರ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನಾನೇ ಹಾಕಿದ್ದು.

ಈ ಕಟ್ಟಡದಲ್ಲಿ ನನಗೆ ಕೆಲಸ ಕೊಟ್ಟ ಗುತ್ತಿಗೆದಾರರು ಪತ್ರ ಕೊಡುವುದಿಲ್ಲ. "ಹೆಂಗಸು ವೈರಿಂಗ್ ಮಾಡಿದ್ಲು ಅಂತ ಬರ್ಕೊಟ್ರೆ ನಾಳೆ ನನಗ್ಯಾರು ಕೆಲಸ ಕೊಡ್ತಾರೆ?" ಎನ್ನುತ್ತಾರೆ. ಬೇಡ ಬಿಡಿ. ನನ್ನ ಅನುಭವದ ಪತ್ರ ನಿಮ್ಮ ಕೋಣೆಯಲ್ಲೇ ಇದೆ.

ನಮ್ಮಪ್ಪನೂ ಇದೇ ಕೆಲಸದವರು. ಸ್ವಿಚ್ ಬೋರ್ಡು ಮುಚ್ಚುವ ಮೊದಲು ಯಾವ ವೈರು ಎಲ್ಲಿಗೆ ಹೋಗಿದೆ, ಮಾಡಿದವರು ಯಾರು, ಯಾವತ್ತು ಎಂದು ಮುಚ್ಚಳದ ಒಳಗೆ ಬರೆದಿಡಬೇಕು, ಮುಂದೆ ಬಿಚ್ಚುವವರು ಪರದಾಡಬಾರದು ಎಂದು ಕಲಿಸಿದ್ದರು. ನಿಮ್ಮ ಕುರ್ಚಿಯ ಹಿಂದಿನ ಬೋರ್ಡಿನಲ್ಲಿ ಹಾಗೆಯೇ ಬರೆದಿದ್ದೇನೆ. ಆ ಅಕ್ಷರವನ್ನೂ ಈ ಪತ್ರದ ಅಕ್ಷರವನ್ನೂ ಜೊತೆಗಿಟ್ಟು ನೋಡಿ.

ತರಬೇತಿಗೆ ಬರುತ್ತೇನೆ, ಆದರೆ ಕಲಿಸುವುದಕ್ಕೆ. ವೈರಿಂಗ್ ಕಲಿಸುವವರು ಬೇಕಾಗಿದ್ದಾರೆ ಎಂದು ನಿಮ್ಮ ಗೋಡೆಯ ಮೇಲೆಯೇ ಅಂಟಿಸಿದ್ದೀರಿ. ಇದನ್ನೇ ಅರ್ಜಿ ಎಂದು ತಿಳಿಯಿರಿ.

ಮುಚ್ಚಳಕ್ಕೆ ಎರಡೇ ಸ್ಕ್ರೂ. ಬಿಚ್ಚುವ ಮೊದಲು ಮರೆಯದೆ ಮೇನ್ ಆಫ್ ಮಾಡಿ. ನನ್ನ ತರಗತಿಯ ಮೊದಲ ಪಾಠ ಇದೇ.

ಇಂತಿ,
(ಹೆಸರು ಬೋರ್ಡಿನೊಳಗಿದೆ)